ಟ್ರಿಗರ್ ವಾರ್ನಿಂಗ್ ಹಾಕಲು ಯಾವ ಆ್ಯಪ್ ಸರಿ? ಮಾಸ್ಟೊಡಾನ್‌ನಿಂದ ವಾಟ್ಸಾಪ್‌ವರೆಗೆ ಒಂದು ವಿಮರ್ಶೆ

'ಗಟ್ಟಿ ಗುಂಡಿಗೆಯವರು ಮಾತ್ರ ನೋಡಿ' ಅಂತ ತಂಬ್‌ನೇಲ್ ಮೇಲೆ ಕೆಂಪಕ್ಷರದಲ್ಲಿ ಬರೆಯುವುದು ಜನರನ್ನು ಒಳಗೆ ಎಳೆಯುವ ಉಪಾಯ. ಟ್ರಿಗರ್ ವಾರ್ನಿಂಗ್, ಅಂದರೆ ಮನಸ್ಸನ್ನು ಕದಡಬಹುದಾದ ವಿಷಯದ ಬಗ್ಗೆ ಮೊದಲೇ ಕೊಡುವ ಎಚ್ಚರಿಕೆಯ ಲಕ್ಷಣಗಳೇ ಬೇರೆ. ಒಳಗೆ ಏನಿದೆ ಎಂಬುದನ್ನು ಅದು ಹೆಸರು ಹಿಡಿದು ಹೇಳಬೇಕು. ಓದುವವರು ಸರಿ ಅನ್ನುವ ತನಕ ಒಳಗಿನದು ಕಣ್ಣಿಗೆ ಬೀಳಬಾರದು. ಬೇಡ ಅಂದವರು ಯಾರಿಗೂ ಕಾರಣ ಹೇಳದೆ ಮುಂದೆ ಹೋಗುವಂತಿರಬೇಕು. ಮಾಸ್ಟೊಡಾನ್, ಟೆಲಿಗ್ರಾಂ, ಡಿಸ್ಕಾರ್ಡ್, ರೆಡಿಟ್, ವಾಟ್ಸಾಪ್ ಈ ಐದನ್ನೂ ಇಲ್ಲಿ ಈ ಮೂರು ಮಾತುಗಳ ತಕ್ಕಡಿಯಲ್ಲೇ ತೂಗಿದೆ. ಐದರಲ್ಲಿ ಮೂರನ್ನೂ ಪೂರೈಸುವುದು ಒಂದೇ. ಕನ್ನಡದವರು ದಿನವಿಡೀ ಬಳಸುವುದು ಅದನ್ನಲ್ಲ ಎನ್ನುವುದು ಬೇಸರದ ವಿಷಯ.

ಮಾಸ್ಟೊಡಾನ್

ಟ್ವಿಟರ್‌ನಂತೆ ಚಿಕ್ಕ ಪೋಸ್ಟ್‌ಗಳನ್ನು ಹಾಕುವ, 2016ರಲ್ಲಿ ಶುರುವಾದ ಇದು ಒಬ್ಬ ಮಾಲೀಕನ ಜಾಲವಲ್ಲ. ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಎಚ್ಚರಿಕೆಯ ವಿಷಯದಲ್ಲಿ ಇದು ಉಳಿದವುಗಳಿಗಿಂತ ಮುಂದಿರುವುದಕ್ಕೆ ಕಾರಣ ಒಂದೇ: ಇಲ್ಲಿ ಎಚ್ಚರಿಕೆಗೆಂದೇ ಬೇರೆ ಸಾಲಿದೆ. ಬರೆಯುವ ಚೌಕದ ಕೆಳಗೆ ತ್ರಿಕೋನದೊಳಗಿನ ಉದ್ಗಾರ ಚಿಹ್ನೆ ಅಥವಾ ಸಿ, ಡಬ್ಲ್ಯು (ಕಂಟೆಂಟ್ ವಾರ್ನಿಂಗ್) ಎಂಬ ಎರಡಕ್ಷರ ಕಾಣುತ್ತದೆ. ಅದನ್ನು ಒತ್ತಿದರೆ ಮೇಲೊಂದು ಸಾಲು ತೆರೆಯುತ್ತದೆ. ಅಲ್ಲಿ ಬರೆದದ್ದು ಮಾತ್ರ ಎಲ್ಲರ ಟೈಮ್‌ಲೈನ್‌ನಲ್ಲಿ ಕಾಣುತ್ತದೆ. ಕೆಳಗಿನ ಬರಹ, ಲಿಂಕಿನ ಪ್ರಿವ್ಯೂ ಎಲ್ಲವೂ ಮುಚ್ಚಿರುತ್ತವೆ, ಫೋಟೋ ತಾನಾಗಿ ಮಸುಕಾಗುತ್ತದೆ. ಫೋನಿನ ನೋಟಿಫಿಕೇಶನ್‌ನಲ್ಲೂ ಬರುವುದು ಮೇಲಿನ ಸಾಲೇ, ಒಳಗಿನ ಬರಹವಲ್ಲ. ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಆ್ಯಪ್ ತೆರೆಯುವ ಮೊದಲೇ, ಲಾಕ್ ಆಗಿರುವ ಸ್ಕ್ರೀನ್ ಮೇಲೇ ಎಚ್ಚರಿಕೆ ಮುರಿದು ಬೀಳುವುದು ಬಹಳ ಕಡೆ ಆಗುವ ತಪ್ಪು.

ಇನ್ನು ಕೊರತೆಗಳು. ಎಚ್ಚರಿಕೆಯ ಸಾಲೂ 500 ಅಕ್ಷರಗಳ ಸಾಮಾನ್ಯ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಅದು ಉದ್ದವಾದಷ್ಟೂ ಬರಹಕ್ಕೆ ಜಾಗ ಕಡಿಮೆ. ಎಚ್ಚರಿಕೆ ಇರುವ ಪೋಸ್ಟಿಗೆ ಉತ್ತರ ಬರೆಯಲು ಹೊರಟರೆ ಅದೇ ಸಾಲು ಉತ್ತರಕ್ಕೂ ನಕಲಾಗುತ್ತದೆ. ಮೊದಲ ನಾಲ್ಕು ಉತ್ತರಗಳಿಗೆ ಇದು ಅನುಕೂಲ. ಮಾತು ಎತ್ತಲೋ ಹೊರಳಿ ಊಟ ತಿಂಡಿಗೆ ಬಂದ ಮೇಲೂ ತಲೆಯ ಮೇಲೆ 'ಆತ್ಮಹತ್ಯೆಯ ಪ್ರಸ್ತಾಪ' ಎಂದೇ ಇದ್ದರೆ, ಮುಂದೆ ಆ ಸಾಲನ್ನು ಯಾರೂ ನಂಬುವುದಿಲ್ಲ. ವಿಷಯ ಬದಲಾದ ಕೂಡಲೇ ಸಾಲನ್ನು ತಿದ್ದಿ ಅಥವಾ ತೆಗೆಯಿರಿ. ಬೇರೆಯವರ ಪೋಸ್ಟನ್ನು ಬೂಸ್ಟ್ ಮಾಡುವಾಗ, ಅಂದರೆ ನಿಮ್ಮ ಅನುಯಾಯಿಗಳಿಗೂ ಹಂಚುವಾಗ, ನಿಮ್ಮ ಕಡೆಯಿಂದ ಎಚ್ಚರಿಕೆ ಸೇರಿಸಲು ದಾರಿಯೇ ಇಲ್ಲ. ಮೂಲದಲ್ಲಿ ಇಲ್ಲದಿದ್ದರೆ ಹಾಗೆಯೇ ಹರಡುತ್ತದೆ. ಆದ್ದರಿಂದ ಎಚ್ಚರಿಕೆಯಿಲ್ಲದ ಘೋರ ಫೋಟೋವನ್ನು ಬೂಸ್ಟ್ ಮಾಡದಿರುವುದೇ ಮರ್ಯಾದೆ. ಮರೆತು ಹಾಕದೇ ಬಿಟ್ಟಿದ್ದರೆ ಪೋಸ್ಟ್ ಅಳಿಸುವ ಅಗತ್ಯವಿಲ್ಲ. 2022ರಲ್ಲಿ ಬಂದ 3.5ನೇ ಆವೃತ್ತಿಯಿಂದ ತಿದ್ದುವ ಸೌಲಭ್ಯವಿದೆ, ಆಮೇಲೂ ಎಚ್ಚರಿಕೆ ಸೇರಿಸಬಹುದು.

ಓದುವವರ ಕೈಯಲ್ಲೂ ಒಂದು ಕೀಲಿ ಇದೆ. ಸೆಟ್ಟಿಂಗ್ಸ್‌ನಲ್ಲಿ ಎಚ್ಚರಿಕೆ ಹಾಕಿದ ಪೋಸ್ಟ್‌ಗಳನ್ನು ಯಾವಾಗಲೂ ಬಿಡಿಸಿಯೇ ತೋರಿಸು ಎಂಬ ಆಯ್ಕೆ ಸಿಗುತ್ತದೆ. ಮುಚ್ಚಳ ತೆಗೆಯುವುದೇ ಕಿರಿಕಿರಿ ಅನ್ನುವವರು ಅದನ್ನು ಆನ್ ಮಾಡಿಕೊಂಡರೆ ಸಾಕು, ಬರೆಯುವವರ ಜೊತೆ ಜಗಳಕ್ಕಿಳಿಯುವ ಪ್ರಮೇಯವೇ ಬರುವುದಿಲ್ಲ.

ಫಿಲ್ಟರ್ ಮತ್ತು ಕನ್ನಡದ ವಿಭಕ್ತಿ

ಎಲ್ಲರೂ ಎಚ್ಚರಿಕೆ ಹಾಕಿಯೇ ಹಾಕುತ್ತಾರೆ ಎಂದು ಕೂರಲಾಗದು. ಅದಕ್ಕಾಗಿಯೇ ಮಾಸ್ಟೊಡಾನ್‌ನಲ್ಲಿ ಫಿಲ್ಟರ್ ಇದೆ. ಬೇಡದ ಪದಗಳ ಪಟ್ಟಿ ಕೊಟ್ಟರೆ ಅವು ಇರುವ ಪೋಸ್ಟ್‌ಗಳನ್ನು ಅದು ಪೂರ್ತಿ ಮರೆಮಾಡುತ್ತದೆ, ಇಲ್ಲವೇ ನಿಮ್ಮ ಫಿಲ್ಟರಿನ ಹೆಸರಿನಡಿ ಮುಚ್ಚಿ ಇಡುತ್ತದೆ. ಅರ್ಧ ಗಂಟೆಯಿಂದ ಒಂದು ವಾರದವರೆಗೆ ಅವಧಿ ಕೊಡಬಹುದು, ಖಾಯಂ ಆಗಿಯೂ ಇಡಬಹುದು. ಊರಲ್ಲೊಂದು ದುರಂತ ನಡೆದು ಎಲ್ಲರೂ ಅದನ್ನೇ ಬರೆಯುತ್ತಿರುವಾಗ ಒಂದು ವಾರದ ಅವಧಿ ಉಪಯೋಗಕ್ಕೆ ಬರುತ್ತದೆ.

ಈ ಸೌಲಭ್ಯವನ್ನು ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ ಎನ್ನುವುದು ಕನ್ನಡ ಪದ ಹಾಕಿದ ಕೂಡಲೇ ಗೊತ್ತಾಗುತ್ತದೆ. ಇಡೀ ಪದಕ್ಕೆ ಮಾತ್ರ ಹೊಂದಿಸು ಎಂಬ ಗುರುತನ್ನು ಮೊದಲು ತೆಗೆಯಿರಿ. ಇಲ್ಲದಿದ್ದರೆ 'ಆತ್ಮಹತ್ಯೆ' ಸಿಕ್ಕಿಬೀಳುತ್ತದೆ, 'ಆತ್ಮಹತ್ಯೆಯ', 'ಆತ್ಮಹತ್ಯೆಗೆ' ಎರಡೂ ಜಾರಿಹೋಗುತ್ತವೆ. ಗುರುತು ತೆಗೆದ ಮೇಲೆ ತೊಂದರೆ ಬರುವುದು ಉಲ್ಟಾ ದಿಕ್ಕಿನಿಂದ. 'ಸಾವು' ಎಂದು ಹಾಕಿದರೆ 'ಸಾವಿನ' ಸಿಗುವುದಿಲ್ಲ, ಏಕೆಂದರೆ ಕೊನೆಯ ಸ್ವರವೇ ಬದಲಾಗಿದೆ. ಹಾಗಂತ 'ಸಾವಿ' ಎಂದು ಮೊಟಕು ಮಾಡಿದರೆ ಸಾವಿರ ರೂಪಾಯಿಯ ಸುದ್ದಿಯೆಲ್ಲ ಮಾಯ. 'ಸಾವಿನ', 'ಸಾವಿಗ', 'ಸಾವನ್ನಪ್ಪ' ಎಂದು ಮೂರನ್ನೂ ಬೇರೆ ಬೇರೆಯಾಗಿ ಕೊಡಬೇಕು. 'ಮೃತ' ಹಾಕಿದರೆ ಅಮೃತಬಳ್ಳಿಯ ಕಷಾಯವೂ ಅಮೃತಮಹಲ್ ತಳಿಯೂ ಹೋದವು. 'ಕೊಲೆ'ಗೆ ಕೊಲೆಸ್ಟ್ರಾಲ್ ಬಲಿ. 'ರಕ್ತ' ಹಾಕಿದವರಿಗೆ ತುರ್ತು ರಕ್ತದಾನದ ಮನವಿ ಕಾಣುವುದಿಲ್ಲ, ಜೊತೆಗೆ ವಿರಕ್ತ ಮಠದ ಸುದ್ದಿಯೂ ಇಲ್ಲ. ಹಾವಿನ ಭಯ ಇರುವವರು ಎಲ್ಲ ರೂಪಗಳೂ ಬರಲಿ ಎಂದು 'ಹಾವ' ಎಂದಷ್ಟೇ ಕೊಟ್ಟರೆ ಹಾವೇರಿ ಜಿಲ್ಲೆಯೇ ನಕ್ಷೆಯಿಂದ ಮಾಯವಾಗುತ್ತದೆ, ಮಹಾವೀರ ಜಯಂತಿಯೂ ಬರುವುದಿಲ್ಲ. 'ಹಾವು', 'ಹಾವಿನ', 'ಹಾವಿಗೆ', 'ಹಾವನ್ನು' ಎಂದು ನಾಲ್ಕು ರೂಪ ಬರೆಯುವ ಶ್ರಮ ತಪ್ಪದು. ನಿರುಪದ್ರವಿಯಾಗಿ ಮೊಟಕಾಗುವ ಪದಗಳು ಕಡಿಮೆ. 'ನೇಣ' ಅಂಥದ್ದೊಂದು, ನೇಣು, ನೇಣಿಗೆ ಎರಡನ್ನೂ ಹಿಡಿಯುತ್ತದೆ.

ಈ ಕಾರಣಕ್ಕೇ ಕನ್ನಡದ ಪದಗಳಿಗೆ ಪೂರ್ತಿ ಮರೆಮಾಡುವ ಆಯ್ಕೆ ಬೇಡ. ಹೆಸರಿನಡಿ ಮುಚ್ಚಿಡುವ ಆಯ್ಕೆ ಇಟ್ಟುಕೊಂಡರೆ ತಪ್ಪಾಗಿ ಸಿಕ್ಕಿಬಿದ್ದ ರಕ್ತದಾನದ ಮನವಿಯನ್ನು ತೆರೆದು ನೋಡಬಹುದು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರೂ ಬಹಳ ಜನ. ಆ ರೂಪಗಳನ್ನೂ ಸೇರಿಸಿದರೆ ಪಟ್ಟಿ ದುಪ್ಪಟ್ಟಾಗುತ್ತದೆ.

ಸಾಲಿನಲ್ಲಿ ಏನು ಬರೆಯಬೇಕು

ಉಪಕರಣ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಸಾಲು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. 'ಎಚ್ಚರಿಕೆ!!!' ಎಂದಷ್ಟೇ ಬರೆದರೆ ಕುತೂಹಲ ಹೆಚ್ಚುತ್ತದೆ, ಮಾಹಿತಿ ಸೊನ್ನೆ. 'ಸೂಕ್ಷ್ಮ ವಿಷಯ' ಎಂಬುದೂ ಹಾಗೆಯೇ. ನಾಯಿ ಸತ್ತದ್ದೋ, ಕೋಮುಗಲಭೆಯೋ, ಗರ್ಭಪಾತವೋ ಯಾರಿಗೆ ಗೊತ್ತು? ವಿಷಯದ ಹೆಸರು ಬರೆಯಿರಿ, ಪಕ್ಕದಲ್ಲೇ ಅದು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನೂ ಹೇಳಿ. ಪ್ರಸ್ತಾಪ, ವಿವರ, ಫೋಟೋ ಅಥವಾ ವಿಡಿಯೊ ಎಂಬ ಮೂರು ಮೆಟ್ಟಿಲು ಸಾಕಾಗುತ್ತದೆ. 'ಗರ್ಭಪಾತ, ಪ್ರಸ್ತಾಪ ಮಾತ್ರ' ಎಂದಿದ್ದರೆ ತೆರೆಯುವವರು 'ಗರ್ಭಪಾತ, ಆಸ್ಪತ್ರೆಯ ವಿವರಗಳಿವೆ' ಎಂದಿದ್ದರೆ ಬಿಟ್ಟು ಹೋಗಬಹುದು. ಆ ಆಯ್ಕೆ ಅವರದ್ದು. ವಿಡಿಯೊ ಆದರೆ ಸಮಯ ಕೊಡಿ: 'ಪ್ರಾಣಿಹಿಂಸೆ, 0:40ರಿಂದ 1:10ರವರೆಗೆ'. ಅಷ್ಟನ್ನು ಹಾರಿಸಿ ಉಳಿದದ್ದನ್ನು ನೋಡಬಹುದು.

ಎಚ್ಚರಿಕೆಯ ಸಾಲೇ ಚುಚ್ಚುವಂತಿರಬಾರದು. ಯಾರು, ಎಲ್ಲಿ, ಯಾವುದರಿಂದ ಎಂದೆಲ್ಲ ಅಲ್ಲೇ ಬರೆದರೆ ಮುಚ್ಚಳದ ಮೇಲೇ ಸಾರು ಸುರಿದಂತೆ. ಪತ್ರಿಕೆಗಳ 'ನೇಣಿಗೆ ಶರಣು' ಶೈಲಿಯ ತಲೆಬರಹವನ್ನು ಹಾಗೇ ಎತ್ತಿ ಹಾಕುವುದು ಈ ತಪ್ಪಿನ ಸಾಮಾನ್ಯ ರೂಪ. ಆತ್ಮಹತ್ಯೆಯ ವಿಷಯದಲ್ಲಿ ವಿಧಾನದ ವಿವರ ಮುಚ್ಚಳದ ಒಳಗೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಕೊಟ್ಟಿರುವ ಮಾರ್ಗಸೂಚಿ ಹೇಳುವುದೂ ಇದನ್ನೇ, ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿಕೊಂಡದ್ದೂ ಇದನ್ನೇ. ಬರಹದ ಕೊನೆಗೆ ಟೆಲಿ ಮಾನಸ್ ಸಂಖ್ಯೆ 14416 ಹಾಕಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು. ಸಂಖ್ಯೆಯನ್ನು ಮುಚ್ಚಳದ ಹೊರಗೂ ಇಡುವುದು ಒಳ್ಳೆಯದು. ಅದು ಬೇಕಾದವರು ಪೋಸ್ಟನ್ನು ತೆರೆಯದೇ ಹೋಗಿರಬಹುದು.

ಎಚ್ಚರಿಕೆಯಿಂದ ಕಾನೂನಿನ ರಕ್ಷಣೆ ಸಿಗುತ್ತದೆ ಎಂಬ ಭ್ರಮೆ ಹಲವು ಗ್ರೂಪ್‌ಗಳಲ್ಲಿದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ನಿಷೇಧಿಸುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇದೆ. ಹೆಸರು, ಮುಖ, ಶಾಲೆ, ಮನೆಯ ಫೋಟೋ ಯಾವುದನ್ನೇ ಆಗಲಿ ಮುಚ್ಚಳದ ಒಳಗೆ ಇಟ್ಟರೂ ತಪ್ಪು ತಪ್ಪೇ.

ಎಚ್ಚರಿಕೆಯಿಂದ ಎಷ್ಟು ಪ್ರಯೋಜನ ನಿರೀಕ್ಷಿಸಬೇಕು? 2023ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂದ, 12 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯೊಂದಿದೆ. ಮೊದಲೇ ಎಚ್ಚರಿಸಿದ್ದರಿಂದ ಓದುವಾಗಿನ ಸಂಕಟ ಕಡಿಮೆಯಾಗಲಿಲ್ಲ, ಓದುವ ಮುಂಚಿನ ಆತಂಕ ಮಾತ್ರ ಸ್ವಲ್ಪ ಹೆಚ್ಚಾಯಿತು, ಜನ ವಿಷಯವನ್ನು ತಪ್ಪಿಸಿಕೊಂಡು ಹೋಗುವುದೂ ಒಟ್ಟಾರೆ ಹೆಚ್ಚಲಿಲ್ಲ ಎಂದು ಅದು ಹೇಳುತ್ತದೆ. ಇದನ್ನು ಹಿಡಿದು ಎಚ್ಚರಿಕೆ ಬೇಡವೇ ಬೇಡ ಅನ್ನುವವರಿದ್ದಾರೆ. ಆ ಫಲಿತಾಂಶ ಹೇಳುವುದು ಎಚ್ಚರಿಕೆ ಔಷಧಿಯಲ್ಲ ಎಂದು. ಬಸ್ಸಿನ ಬೋರ್ಡಿನಿಂದ ಪ್ರಯಾಣದ ಆಯಾಸ ಕಡಿಮೆಯಾಗುವುದಿಲ್ಲ, ಹತ್ತುವುದೋ ಬಿಡುವುದೋ ಗೊತ್ತಾಗುತ್ತದೆ, ಅಷ್ಟೆ. ಬೋರ್ಡಿನಲ್ಲಿ ಊರಿನ ಹೆಸರಿರಬೇಕು ಅನ್ನುವುದೂ ಇದಕ್ಕೇ. ಕಂಡ ಕಂಡದ್ದಕ್ಕೆಲ್ಲ ಎಚ್ಚರಿಕೆ ಹಾಕುವುದರ ವಿರುದ್ಧವೂ ಇದೇ ವಾದ ನಿಲ್ಲುತ್ತದೆ: ಬೋರ್ಡುಗಳ ರಾಶಿಯಲ್ಲಿ ಬೇಕಾದ ಬೋರ್ಡು ಕಾಣುವುದಿಲ್ಲ.

ಮಾಸ್ಟೊಡಾನ್‌ನ ಸಂಸ್ಕೃತಿಯ ಒಂದು ಕಪ್ಪು ಚುಕ್ಕೆ ಇಲ್ಲೇ ಇದೆ. 2022ರ ಕೊನೆಯಲ್ಲಿ ಟ್ವಿಟರ್ ಕೈಬದಲಾದಾಗ ದೊಡ್ಡ ಗುಂಪು ಇತ್ತ ಬಂತು. ಆಗ ಕಪ್ಪು ಜನಾಂಗದವರು ತಮಗಾಗುವ ಜನಾಂಗೀಯ ಅವಮಾನಗಳ ಬಗ್ಗೆ ಬರೆದರೆ, ಅದನ್ನು ಮುಚ್ಚಳದಡಿ ಹಾಕಿ ಎಂದು ಬಿಳಿಯರು ಹೇಳಲು ಬಂದದ್ದು ದೊಡ್ಡ ಚರ್ಚೆಯಾಯಿತು. ದೇವಸ್ಥಾನದ ಪ್ರವೇಶದ ಬಗ್ಗೆಯೋ ಮಲಗುಂಡಿಯಲ್ಲಿ ಸತ್ತ ಪೌರಕಾರ್ಮಿಕರ ಬಗ್ಗೆಯೋ ದಲಿತರೊಬ್ಬರು ಬರೆದಾಗ 'ಮನಸ್ಸಿಗೆ ಕಷ್ಟವಾಗುತ್ತೆ, ಮುಚ್ಚಿ ಹಾಕಿ' ಅಂದರೆ ಅದೂ ಇದೇ ಜಾತಿಯ ಮಾತು. ಹೆಣದ ಫೋಟೋಗೆ ಎಚ್ಚರಿಕೆ ಕೇಳುವುದು ನ್ಯಾಯ. ಜಾತಿ ಎಂಬ ಪದಕ್ಕೇ ಕೇಳಿದರೆ ಬರೆದವರ ಬಾಯಿ ಮುಚ್ಚಿಸಿದಂತೆ. ಮೇಲ್ಜಾತಿಯ ಓದುಗರಿಗೆ ಆಗುವ ಮುಜುಗರ ಟ್ರಿಗರ್ ಅಲ್ಲ.

ಟೆಲಿಗ್ರಾಂ, ಡಿಸ್ಕಾರ್ಡ್, ರೆಡಿಟ್

ಟೆಲಿಗ್ರಾಂ ಎರಡನೇ ಸ್ಥಾನಕ್ಕೆ ಅರ್ಹ. 2021ರ ಡಿಸೆಂಬರ್ ಕೊನೆಗೆ ಒತ್ತುವ ತನಕ ಬರಹವನ್ನು ಮುಚ್ಚಿಡುವ ಸ್ಪಾಯ್ಲರ್ ಎಂಬ ಸೌಲಭ್ಯ ಬಂತು, ವರ್ಷದ ನಂತರ ಫೋಟೋ ವಿಡಿಯೊಗಳಿಗೂ ಬಂತು. ಬೇಕಾದ ಸಾಲುಗಳನ್ನು ಆಯ್ಕೆ ಮಾಡಿ, ಫಾರ್ಮ್ಯಾಟಿಂಗ್ ಮೆನುವಿನಲ್ಲಿ ಸ್ಪಾಯ್ಲರ್ ಒತ್ತಿದರೆ ಸಾಕು. ಮುಚ್ಚಿದ್ದು ಚಾಟ್ ಪಟ್ಟಿಯಲ್ಲೂ ನೋಟಿಫಿಕೇಶನ್‌ನಲ್ಲೂ ಮುಚ್ಚಿಯೇ ಇರುತ್ತದೆ. ಎಚ್ಚರಿಕೆಗೆ ಪ್ರತ್ಯೇಕ ಸಾಲಿಲ್ಲ. ವಿಷಯದ ಹೆಸರನ್ನು ಮೊದಲು ಬರೆದು ಉಳಿದದ್ದನ್ನು ಮಾತ್ರ ಮುಚ್ಚಬೇಕು. ಇಡೀ ಸಂದೇಶವನ್ನೇ ಮುಚ್ಚಿ ಕಳಿಸುವವರು ಬಹಳ. ಓದುವವರ ಮುಂದೆ ಉಳಿಯುವುದು ಮಿನುಗುವ ಚುಕ್ಕೆಗಳು ಮಾತ್ರ.

ಡಿಸ್ಕಾರ್ಡ್‌ನಲ್ಲಿ ಬರಹದ ಹಿಂದೆ ಮುಂದೆ ಎರಡೆರಡು ನಿಂತ ಗೆರೆ: ||ಹೀಗೆ||. ಫೋಟೋ ಹಾಕುವಾಗ ಸ್ಪಾಯ್ಲರ್ ಎಂದು ಗುರುತು ಮಾಡುವ ಆಯ್ಕೆ ಇದೆ. ಕಂಪ್ಯೂಟರಿನಿಂದ ಹತ್ತಾರು ಫೋಟೋ ಹಾಕುವವರು ಫೈಲಿನ ಹೆಸರಿನ ಮುಂದೆಯೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಸ್ಪಾಯ್ಲರ್ ಎಂದು ಬರೆದು ಒಂದು ಅಂಡರ್‌ಸ್ಕೋರ್ ಇಟ್ಟರೂ ಮಸುಕಾಗುತ್ತದೆ. ಲಿಂಕ್ ಹಾಕುವಾಗ ಎಡವುವವರು ಹೆಚ್ಚು. ಬರಹವೇನೋ ಮುಚ್ಚಿರುತ್ತದೆ, ಹೊರಗಿಟ್ಟ ಲಿಂಕಿನ ಪ್ರಿವ್ಯೂನಲ್ಲಿ ಅಪಘಾತದ ಫೋಟೋ ದೊಡ್ಡದಾಗಿ ಬಂದು ಕೂರುತ್ತದೆ. ಲಿಂಕನ್ನು < > ಗುರುತುಗಳ ನಡುವೆ ಇಟ್ಟರೆ ಪ್ರಿವ್ಯೂ ಬರುವುದಿಲ್ಲ. ಮಾಡರೇಟರ್‌ಗಳಿಗೆ ಒಂದು ಮಾತು: ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ (ಡಿಸ್ಕಾರ್ಡ್‌ನಲ್ಲಿ ಗುಂಪಿಗೆ ಸರ್ವರ್ ಎನ್ನುತ್ತಾರೆ) ಸ್ಪಾಯ್ಲರ್ ಬಿಡಿಸಿಯೇ ತೋರಿಸು ಎಂಬ ಸೆಟ್ಟಿಂಗ್ ಆನ್ ಇದ್ದರೆ ಸದಸ್ಯರ ಕಣ್ಣಿಗೆ ಏನು ಕಾಣುತ್ತಿದೆ ಎಂಬುದೇ ನಿಮಗೆ ಗೊತ್ತಾಗುವುದಿಲ್ಲ. ಕಷ್ಟ ಹೇಳಿಕೊಳ್ಳಲೆಂದೇ ಬೇರೆ ಚಾನೆಲ್ ಮಾಡಿ, ಬೇಕು ಅಂದವರಿಗೆ ಮಾತ್ರ ಕಾಣುವಂತೆ ರೋಲ್ (ಯಾವ ಸದಸ್ಯರಿಗೆ ಏನು ಕಾಣಬೇಕು ಎಂದು ನಿಗದಿ ಮಾಡುವ ಗುರುತು) ಕೊಡುವುದು ಡಿಸ್ಕಾರ್ಡ್‌ನ ನಿಜವಾದ ಬಲ. ನೂರು ಸ್ಪಾಯ್ಲರ್ ಗೆರೆಗಳಿಗಿಂತ ಅದೊಂದು ವ್ಯವಸ್ಥೆ ಮೇಲು.

ರೆಡಿಟ್‌ನಲ್ಲಿ >!ಹೀಗೆ!< ಬರೆಯಬೇಕು. ಉದ್ಗಾರ ಚಿಹ್ನೆಗೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ರೆಡಿಟ್ ಜಾಲತಾಣದ ಹಳೆಯ ವಿನ್ಯಾಸದಲ್ಲಿ ಮುಚ್ಚುವುದಿಲ್ಲ. ಪ್ರತಿ ಪ್ಯಾರಾಗೂ ಬೇರೆ ಗುರುತು ಬೇಕು. ಪೋಸ್ಟಿನ ತಲೆಬರಹವನ್ನು ಮುಚ್ಚಲು ಬಾರದು, ಒಮ್ಮೆ ಹಾಕಿದ ಮೇಲೆ ತಿದ್ದಲೂ ಬಾರದು. ಹೇಳಬಾರದ್ದನ್ನು ತಲೆಬರಹದಲ್ಲೇ ಹೇಳಿಬಿಟ್ಟರೆ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿ.

ವಾಟ್ಸಾಪ್

ಅಪಘಾತದ ಫೋಟೋ, ಶವದ ಫೋಟೋ, ಸಿಸಿಟಿವಿಯ ಹಲ್ಲೆಯ ವಿಡಿಯೊ ಕನ್ನಡಿಗರ ಫೋನಿಗೆ ಬರುವುದು ಹೆಚ್ಚಾಗಿ ಇಲ್ಲಿಂದಲೇ. ದಪ್ಪ ಅಕ್ಷರ, ಓರೆ ಅಕ್ಷರ, ಹೊಡೆದು ಹಾಕಿದ ಅಕ್ಷರ ಹಿಂದಿನಿಂದ ಇದ್ದವು. 2024ರ ಫೆಬ್ರವರಿಯಲ್ಲಿ ಪಟ್ಟಿ, ಉಲ್ಲೇಖದ ಗುರುತುಗಳೂ ಬಂದವು. ಮುಚ್ಚುವ ಗುರುತು ಮಾತ್ರ ಆಗಲೂ ಬರಲಿಲ್ಲ. ಇರುವುದರಲ್ಲೇ ಸಂಭಾಳಿಸಬೇಕು.

ಎಚ್ಚರಿಕೆಯನ್ನು ಒಂದು ಸಂದೇಶವಾಗಿ, ವಿಷಯವನ್ನು ಇನ್ನೊಂದಾಗಿ ಕಳಿಸುವುದು ಎಲ್ಲರೂ ಮಾಡುವ ಉಪಾಯ. ಅದು ಕೆಲಸ ಮಾಡುವುದಿಲ್ಲ. ಚಾಟ್ ಪಟ್ಟಿಯಲ್ಲಿ ಕಾಣುವುದು ಕೊನೆಯ ಸಂದೇಶ, ಅಂದರೆ ಯಾವುದನ್ನು ಮುಚ್ಚಬೇಕಿತ್ತೋ ಅದೇ. ಬರಹವಾದರೆ ಎಚ್ಚರಿಕೆ ಮೊದಲ ಸಾಲಿನಲ್ಲಿ, ವಿಷಯ ಅದೇ ಸಂದೇಶದ ಕೆಳಗೆ ಇರಲಿ. ಉದ್ದ ಸಂದೇಶವಾದರೆ 'ಮುಂದೆ ಓದಿ' ಎಂಬಲ್ಲಿ ತಾನಾಗಿ ಕತ್ತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ತಳ್ಳಲು ಸಾಲು ಸಾಲು ಚುಕ್ಕೆ ಇಡುವ ರೂಢಿಯಿದೆ. ಫೋನಿಗೆ ಓದಿ ಹೇಳಲು ಬಿಟ್ಟು ಕೇಳಿಸಿಕೊಳ್ಳುವ ಅಂಧರಿಗೆ ಅದರಿಂದ ಕಾಟ. ಚುಕ್ಕೆಯ ಬದಲು ವಿಷಯಕ್ಕೆ ಸಂಬಂಧಿಸಿದ ಎರಡು ಸಾಮಾನ್ಯ ವಾಕ್ಯಗಳನ್ನೇ ಮೊದಲು ಬರೆಯಬಹುದು.

ಫೋಟೋಗಾದರೆ ಒಮ್ಮೆ ಮಾತ್ರ ನೋಡುವ ಆಯ್ಕೆ ಇದೆ. ಕಳಿಸುವ ಮೊದಲು ಕ್ಯಾಪ್ಷನ್ ಪಕ್ಕದ ವೃತ್ತದೊಳಗಿನ 1 ಒತ್ತಬೇಕು. ಆಗ ಚಾಟ್‌ನಲ್ಲಿ ಫೋಟೋದ ಬದಲು ಒಂದು ಬಟನ್ ಕಾಣುತ್ತದೆ. ಒತ್ತಿದವರಿಗಷ್ಟೇ ತೆರೆಯುತ್ತದೆ, 14 ದಿನ ತೆರೆಯದಿದ್ದರೆ ತಾನೇ ಹೋಗುತ್ತದೆ, ಗ್ಯಾಲರಿಗೂ ಸೇರುವುದಿಲ್ಲ. 2021ರಲ್ಲಿ ಖಾಸಗಿತನಕ್ಕೆಂದು ತಂದ ಸೌಲಭ್ಯ ಇದು. ಮುಚ್ಚಳವಾಗಿಯೂ ಚೆನ್ನಾಗಿಯೇ ನಿಲ್ಲುತ್ತದೆ. ಒಳಗೆ ಏನಿದೆ ಎಂಬುದನ್ನು ಅದಕ್ಕೂ ಮುಂಚಿನ ಸಂದೇಶದಲ್ಲಿ ಬರೆಯಿರಿ. ದಾಖಲೆಯಾಗಿ ಉಳಿಯಬೇಕಾದ ಫೋಟೋಗೆ ಇದು ಸರಿಹೋಗದು. ಅಂಥದ್ದಕ್ಕೆ 'ವಿವರ ಬೇಕಾದವರು ಹೇಳಿ, ಬೇರೆಯಾಗಿ ಕಳಿಸ್ತೀನಿ' ಎಂಬ ಒಂದು ಸಾಲಿಗಿಂತ ಒಳ್ಳೆಯ ಉಪಕರಣ ವಾಟ್ಸಾಪ್‌ನಲ್ಲಿಲ್ಲ. ಸುದ್ದಿಯ ಲಿಂಕ್ ಕಳಿಸುವಾಗ ಮೇಲೆ ಬರುವ ಪ್ರಿವ್ಯೂನ ಗುಣಾಕಾರ ಚಿಹ್ನೆ ಒತ್ತಿ ಫೋಟೋ ತೆಗೆದುಬಿಡಿ.

ಪಡೆಯುವವರ ಕಡೆ: ಸೆಟ್ಟಿಂಗ್ಸ್‌ನ ಸ್ಟೋರೇಜ್ ಅಂಡ್ ಡೇಟಾ ವಿಭಾಗದಲ್ಲಿ ಫೋಟೋ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ನಿಲ್ಲಿಸಿ. ಒತ್ತುವ ತನಕ ಮಸುಕು ಮಸುಕಾದ ಚಿತ್ರವಷ್ಟೇ ಕಾಣುತ್ತದೆ. ಬಣ್ಣ, ಆಕಾರ ಊಹೆಗೆ ಸಿಗುವುದರಿಂದ ಇದು ಪೂರ್ತಿ ರಕ್ಷಣೆಯಲ್ಲ, ಆದರೂ ಐದು ಆ್ಯಪ್‌ಗಳಲ್ಲಿ ಅತಿ ಹೆಚ್ಚು ಜನರಿಗೆ ಉಪಯೋಗವಾಗುವ ಸೆಟ್ಟಿಂಗ್ ಇದೇ.

ಹಾಕಿದವರಿಗೆ ಹೇಳುವ ಕ್ರಮವೂ ಉಪಕರಣದಷ್ಟೇ ಮುಖ್ಯ. ಕುಟುಂಬದ ಗ್ರೂಪಿನಲ್ಲಿ ಹಿರಿಯರಿಗೆ ಎಲ್ಲರೆದುರು 'ಟ್ರಿಗರ್ ವಾರ್ನಿಂಗ್ ಹಾಕಿ' ಅಂದರೆ ಪದವೂ ಅರ್ಥವಾಗುವುದಿಲ್ಲ, ಮಾನವೂ ಹೋಗುತ್ತದೆ. ಪ್ರತ್ಯೇಕವಾಗಿ, ಕಾರಣ ಸಮೇತ ಬರೆಯುವುದು ಮೇಲು: 'ಚಿಕ್ಕಪ್ಪ, ಆ ಆಕ್ಸಿಡೆಂಟ್ ಫೋಟೋ ಮಕ್ಕಳ ಫೋನಲ್ಲೂ ಬಂದಿದೆ. ಎಲ್ರಿಗೂ ಡಿಲೀಟ್ ಮಾಡಿ, ವಿಷಯ ಮಾತ್ರ ಬರೆದು ಹಾಕ್ತೀರಾ?' ಎಲ್ಲರಿಗೂ ಡಿಲೀಟ್ ಮಾಡಲು ಸುಮಾರು ಎರಡು ದಿನಗಳ ಅವಕಾಶವಿದೆ. ಬರಹವನ್ನು ತಿದ್ದಿ ಮೇಲೊಂದು ಎಚ್ಚರಿಕೆಯ ಸಾಲು ಸೇರಿಸಲು ಸಿಗುವುದು 15 ನಿಮಿಷ ಮಾತ್ರ, ಆದ್ದರಿಂದ ಅದಕ್ಕೆ ಸಂದೇಶಕ್ಕಿಂತ ಫೋನ್ ಮಾಡುವುದೇ ಬೇಗ. ಅವರು ಸಿಗದಿದ್ದರೆ ಗ್ರೂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ಅಳಿಸಬಹುದು, ಅಳಿಸಿದ್ದು ಯಾರು ಎಂಬುದು ಮಾತ್ರ ಎಲ್ಲರಿಗೂ ಕಾಣುತ್ತದೆ.